ಸೈತಾನನ ತಲೆಗೆ ಕಟ್ಟಿದ ಪಾಪ

1981ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯಾಯಾಲಯವೊಂದರ ಮುಂದೆ ಒಂದು ಕೊಲೆ ಮೊಕದ್ದಮೆ ಬಂತು. 19 ವರ್ಷದ ಹುಡುಗ ತಾನಿದ್ದ ಮನೆಯ ಮಾಲೀಕನನ್ನು ಚಾಕುವಿನಿಂದ ಇರಿದು ಕೊಂದಿದ್ದ. ಅವನ ವಕೀಲರು ಹೂಡಲು ಹೊರಟ ವಾದ ವಿಚಿತ್ರವಾಗಿತ್ತು: ಕೈ ನಮ್ಮ ಕಕ್ಷಿದಾರನದು, ಕೆಲಸ ಮೈಮೇಲೆ ಬಂದಿದ್ದ ದೆವ್ವದ್ದು. ನ್ಯಾಯಾಧೀಶ ರಾಬರ್ಟ್ ಕ್ಯಾಲಹನ್ ಆ ವಾದವನ್ನು ಎತ್ತಲೂ ಬಿಡಲಿಲ್ಲ. ಅದನ್ನು ಸಾಕ್ಷ್ಯದಿಂದ ಸಾಬೀತು ಮಾಡುವ ದಾರಿಯೇ ಇಲ್ಲ ಎಂದರು. ವಕೀಲರು ಆತ್ಮರಕ್ಷಣೆಯ ವಾದಕ್ಕೆ ಹೊರಳಿದರು, ಅದೂ ನಿಲ್ಲಲಿಲ್ಲ. ಹುಡುಗನಿಗೆ 10ರಿಂದ 20 ವರ್ಷಗಳ ಸಜೆಯಾಯಿತು. ನಲವತ್ತು ವರ್ಷದ ಮೇಲೆ, 2021ರಲ್ಲಿ, ಹಾಲಿವುಡ್ ಇದೇ ಘಟನೆಯನ್ನು ‘ಕಾಂಜೂರಿಂಗ್’ ಸರಣಿಯ ಮೂರನೇ ಚಿತ್ರವಾಗಿ ತೆರೆಗೆ ತಂದು, ಕೋರ್ಟು ಕೇಳಿಸಿಕೊಳ್ಳದ ವಾದವನ್ನು ಟಾಕೀಸಿನಲ್ಲಿ ಗೆಲ್ಲಿಸಿತು.

ಈ ಪ್ರಕರಣವನ್ನು ಧರ್ಮಕ್ಕೂ ಕಾನೂನಿಗೂ ನಡೆದ ಜಟಾಪಟಿ ಎಂಬಂತೆ ಹೇಳುವುದು ರೂಢಿ. ಧರ್ಮ ದೆವ್ವವನ್ನು ನಂಬುತ್ತದೆ, ಕಾನೂನು ನಂಬುವುದಿಲ್ಲ, ಅಷ್ಟೇ ವ್ಯತ್ಯಾಸ ಎಂಬ ಧಾಟಿಯಲ್ಲಿ. ನನಗೆ ಹಾಗೆ ಕಾಣುವುದಿಲ್ಲ. ಆ ಪೀಠದ ಮೇಲೆ ಕ್ಯಾಲಹನ್ ಬದಲು ಹೊಸ ಒಡಂಬಡಿಕೆಯ ಯಾಕೋಬನೇ ಕೂತಿದ್ದರೂ ಅರ್ಜಿ ವಜಾ ಆಗುತ್ತಿತ್ತು. ಯಾಕೋಬ ದೆವ್ವವಿದೆ ಎಂದೇ ನಂಬಿದವನು. ಆದರೆ ಮನುಷ್ಯ ಉತ್ತರ ಕೊಡಬೇಕಾದ ಜಾಗದಲ್ಲಿ ದೆವ್ವವನ್ನು ತಂದು ನಿಲ್ಲಿಸಲು ಅವನು ಒಪ್ಪುತ್ತಿರಲಿಲ್ಲ. ಪಾಪವನ್ನು ಸೈತಾನನ ತಲೆಗೆ ಕಟ್ಟುವ ಅಭ್ಯಾಸ ಕ್ರೈಸ್ತರಲ್ಲಿ ಧಾರಾಳವಾಗಿದೆ. ಕ್ರೈಸ್ತ ನಂಬಿಕೆಯ ಬುಡದಲ್ಲಿ ಅದಕ್ಕೆ ಆಧಾರ ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಅಪಹಾಸ್ಯ.

ಬೈಬಲಿನ ಮೂರನೇ ಅಧ್ಯಾಯಕ್ಕೇ ನೆಪಗಳ ಮೆರವಣಿಗೆ ಶುರು. ತಿನ್ನಬಾರದ ಹಣ್ಣನ್ನು ಯಾಕೆ ತಿಂದೆ ಎಂದು ದೇವರು ಕೇಳಿದರೆ ಆದಾಮ ಹೆಂಡತಿಯತ್ತ ಬೆರಳು ತೋರಿಸುತ್ತಾನೆ. ಅದೂ ಸುಮ್ಮನೆ ತೋರಿಸುವುದಿಲ್ಲ, ಅವಳನ್ನು ನನಗೆ ಗಂಟು ಹಾಕಿದ್ದು ನೀನೇ ತಾನೆ ಎಂಬಂತೆ ದೇವರನ್ನೂ ಮೊಕದ್ದಮೆಯೊಳಕ್ಕೆ ಎಳೆಯುತ್ತಾನೆ. ಹವ್ವ ಹಾವಿನತ್ತ ತೋರಿಸುತ್ತಾಳೆ. ಹಾವಿಗೆ ತೋರಿಸಲು ಯಾರೂ ಉಳಿದಿಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ. ಇಲ್ಲಿ ಗಮನಿಸಬೇಕಾದ್ದು ತೀರ್ಪನ್ನು. ಹಾವಿಗೆ ಶಾಪ ಸಿಕ್ಕಿತೆಂದು ಉಳಿದಿಬ್ಬರು ಬಿಡುಗಡೆಯಾಗಲಿಲ್ಲ. ಮೂವರಿಗೂ ಅವರವರ ಪಾಲು ಬಂತು. ಮರುಳು ಮಾಡಿದವನ ತಪ್ಪನ್ನು ಮರುಳಾದವನ ತಪ್ಪಿನಿಂದ ಕಳೆಯುವ ಲೆಕ್ಕ ಅಲ್ಲಿಲ್ಲ.

ವಿಮೋಚನಕಾಂಡದ 32ನೇ ಅಧ್ಯಾಯಕ್ಕೆ ಬಂದರೆ ನಗು ತಡೆಯುವುದು ಕಷ್ಟ. ಬೆಟ್ಟ ಹತ್ತಿದ ಇಸ್ರೇಲರ ನಾಯಕ ಮೋಶೆ ಇಳಿದು ಬರುವುದು ತಡವಾಯಿತು. ಜನ ತಮಗೊಂದು ದೇವರನ್ನು ಮಾಡಿಕೊಡೆಂದು ಗಲಾಟೆ ಎಬ್ಬಿಸಿದರು. ಅವನ ಅಣ್ಣ ಆರೋನ ಎಲ್ಲರ ಕಿವಿಯ ಚಿನ್ನ ಬಿಚ್ಚಿಸಿ, ಕೂಡಿಸಿ, ಉಪಕರಣ ಹಿಡಿದು ಕರುವಿನ ರೂಪ ಕೊಟ್ಟ. ಕಥೆ ಹೇಳುವವನು ಆ ಉಪಕರಣವನ್ನು ಮರೆಯದೆ ನಮೂದಿಸಿದ್ದಾನೆ. ಮೋಶೆ ಬಂದು ಇದೇನು ಎಂದು ಕೇಳಿದಾಗ ಆರೋನ ಮೊದಲು ಜನರನ್ನು ದೂರುತ್ತಾನೆ, ಆಮೇಲೆ ತಾನು ಚಿನ್ನವನ್ನು ಬೆಂಕಿಗೆ ಹಾಕಿದೆನೆಂದೂ ಈ ಕರು ತಾನಾಗಿ ಹೊರಗೆ ಬಂತೆಂದೂ ವಿವರಿಸುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆರೋನ ಅವಳಿಗಿಂತ ಒಂದು ಕೈ ಮೇಲೆ, ಬೆಂಕಿಯೇ ಕರು ಹಾಕಿತು ಅಂದ. ನಮ್ಮ ಕಡೆ ಇದೇ ಕೆಲಸಕ್ಕೆ ಹಣೆಬರಹ, ಗ್ರಹಚಾರ, ಕಲಿಗಾಲ ಎಂಬ ಮಾತುಗಳಿವೆ. ಕೆಲಸ ನಡೆದಿರುತ್ತದೆ, ಮಾಡಿದವರು ಮಾತ್ರ ಯಾರೂ ಇರುವುದಿಲ್ಲ.

ಇಸ್ರೇಲಿನ ಮೊದಲ ಇಬ್ಬರು ಅರಸರ ವಿಷಯದಲ್ಲಿ ಇದು ಇನ್ನಷ್ಟು ಗಂಭೀರವಾಗುತ್ತದೆ. ಶತ್ರುವಿನ ಕುರಿದನಗಳಲ್ಲಿ ಒಂದನ್ನೂ ಉಳಿಸಬಾರದೆಂಬ ಆಜ್ಞೆ ಮೀರಿದ ಸೌಲ, ಪ್ರವಾದಿ ಸಮುವೇಲ ಕೇಳಿದಾಗ, ಉಳಿಸಿಕೊಂಡವರು ಜನ, ಅದೂ ದೇವರಿಗೆ ಬಲಿ ಕೊಡಲಿಕ್ಕೆ ಎನ್ನುತ್ತಾನೆ. ಆ ಹೊತ್ತಿಗೆ ಕುರಿಗಳ ಅರಚಾಟ ಸಮುವೇಲನ ಕಿವಿಗೆ ಬೀಳುತ್ತಿರುತ್ತದೆ. ದಾವೀದ ಮಾಡಿದ್ದು ಇದಕ್ಕಿಂತ ಎಷ್ಟೋ ಘೋರ. ತನ್ನ ಯೋಧ ಊರೀಯನ ಹೆಂಡತಿಯನ್ನು ಅರಮನೆಗೆ ಕರೆಸಿಕೊಂಡ. ಆಕೆ ಬಸಿರಾದದ್ದು ತಿಳಿದ ಮೇಲೆ ಊರೀಯನನ್ನು ಯುದ್ಧದ ಮುಂಚೂಣಿಗೆ ದೂಡಿ ಸಾಯಿಸಿದ. ಆದರೆ ಪ್ರವಾದಿ ನಾತಾನ ಎದುರು ನಿಂತು ಕೇಳಿದಾಗ ದಾವೀದ ಪಾಪ ಮಾಡಿದ್ದನ್ನು ಒಪ್ಪಿಕೊಂಡ, ಅದರ ಬಾಲಕ್ಕೆ ಒಂದು ‘ಆದರೆ’ಯನ್ನೂ ಸೇರಿಸಲಿಲ್ಲ. ಸೌಲನ ರಾಜ್ಯ ಹೋಯಿತು, ದಾವೀದನಿಗೆ ಕ್ಷಮೆ ಸಿಕ್ಕಿತು. ಕ್ಷಮೆ ಸಿಕ್ಕಿತೆಂದು ಫಲ ತಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಮುಂದೆ ಅವನ ಒಬ್ಬ ಮಗ ಇನ್ನೊಬ್ಬನನ್ನು ಕೊಂದ, ಕೊಂದವನೇ ಅಪ್ಪನ ಮೇಲೆ ದಂಡೆತ್ತಿ ಬಂದ.

ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯ ಈ ಕಥೆಗಳನ್ನೆಲ್ಲ ಒಂದು ತತ್ವಕ್ಕೆ ಇಳಿಸುತ್ತದೆ. ಶೋಧನೆ, ಅಂದರೆ ಪಾಪದತ್ತ ಸೆಳೆತ, ಬಂದಾಗ ಅದು ದೇವರಿಂದ ಬಂತೆಂದು ಯಾರೂ ಹೇಳಕೂಡದು. ಪ್ರತಿಯೊಬ್ಬನನ್ನು ಎಳೆಯುವುದು ಅವನವನ ಆಸೆಯೇ. ಆಸೆ ಬಸಿರಾಗಿ ಪಾಪವನ್ನು ಹೆರುತ್ತದೆ, ಪಾಪ ಬೆಳೆದು ಸಾವನ್ನು ಹೆರುತ್ತದೆ. ಈ ಸರಪಳಿಯಲ್ಲಿ ಸೈತಾನನಿಗೆ ಒಂದು ಕೊಂಡಿಯೂ ಇಲ್ಲ. ಅವನು ನಾಲ್ಕನೇ ಅಧ್ಯಾಯದಲ್ಲಿ ಬರುತ್ತಾನೆ, ಅದೂ ಎದುರಿಸಿದರೆ ಓಡಿಹೋಗುವವನಾಗಿ.

ಹಾಗಿದ್ದರೆ ಮನಸ್ಸಿಗೆ ಬರುವ ಪ್ರತಿ ಕೆಟ್ಟ ಯೋಚನೆಗೂ ನಾವೇ ಹೊಣೆಯೇ? ಈ ಪ್ರಶ್ನೆಗೆ ನಾನು ಓದಿದವರಲ್ಲಿ ಅತ್ಯಂತ ಸೂಕ್ಷ್ಮವಾಗಿ ಉತ್ತರಿಸಿದವನು ನಾಲ್ಕನೇ ಶತಮಾನದ ಇವಾಗ್ರಿಯಸ್. ಕಪ್ಪು ಸಮುದ್ರದ ದಡದ ಪೊಂಟಸ್ ಸೀಮೆಯವನು, ದೊಡ್ಡ ವಿದ್ವಾಂಸ, ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕ್ರೈಸ್ತ ಸಭೆಯ ಸೇವಕನಾಗಿ ಹೆಸರು ಮಾಡಿದವನು. ಅಲ್ಲಿ ಒಬ್ಬ ಉನ್ನತ ಅಧಿಕಾರಿಯ ಹೆಂಡತಿಯನ್ನು ಪ್ರೀತಿಸತೊಡಗಿದ. ಅವನ ಶಿಷ್ಯ ಪಲ್ಲಾಡಿಯಸ್ ಬರೆದಿರುವ ಪ್ರಕಾರ, ಒಂದು ರಾತ್ರಿ ಕನಸಿನಲ್ಲಿ ಊರು ಬಿಡುತ್ತೇನೆಂದು ಆಣೆ ಮಾಡಿದ. ಎದ್ದ ಮೇಲೆ, ಕನಸಿನ ಆಣೆಯೂ ಆಣೆಯೇ ಎಂದುಕೊಂಡು, ಸಾಮಾನನ್ನೆಲ್ಲ ಹಡಗಿಗೆ ಹೇರಿಸಿ ಯೆರೂಸಲೇಮಿಗೆ ಹೊರಟುಬಿಟ್ಟ. ಅಲ್ಲಿಂದ ಈಜಿಪ್ಟಿನ ಮರುಭೂಮಿಗೆ ಹೋಗಿ, 399ರಲ್ಲಿ ಸಾಯುವ ತನಕ ಸನ್ಯಾಸಿಗಳ ನಡುವೆ ಬದುಕಿದ.

ಮನುಷ್ಯನನ್ನು ಕಾಡುವ ಎಂಟು ಬಗೆಯ ಯೋಚನೆಗಳನ್ನು ಅವನು ಪಟ್ಟಿ ಮಾಡಿದ. ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಜಡ್ಡು, ಹೊಗಳಿಕೆಯ ಹಸಿವು, ಅಹಂಕಾರ. ಮುಂದೆ ಪೋಪ್ ಮಹಾ ಗ್ರೆಗರಿಯ ಕೈಯಲ್ಲಿ ಏಳು ಪಾಪಗಳಾದದ್ದು ಇವೇ. ಇದರಲ್ಲಿ ಜಡ್ಡಿನ ವರ್ಣನೆಯನ್ನು ಓದಿದರೆ ಆ ಮನುಷ್ಯ ನಮ್ಮ ಆಫೀಸಿನಲ್ಲೇ ಕೂತು ಬರೆದಂತಿದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಅದು ಶುರುವಾಗುತ್ತದೆ. ಸೂರ್ಯ ನಿಂತಲ್ಲೇ ನಿಂತಂತೆ, ಹಗಲಿಗೆ ಐವತ್ತು ತಾಸು ಇದ್ದಂತೆ ತೋರುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿ ಕಡೆ ನೋಡುತ್ತಾನೆ, ಊಟದ ಹೊತ್ತಾಯಿತೇ ಎಂದು ಹೊರಗೆ ಬಂದು ಬಿಸಿಲು ನೋಡುತ್ತಾನೆ, ಯಾರಾದರೂ ಬರುತ್ತಿದ್ದಾರೇನೋ ಎಂದು ಆಚೀಚೆ ಕಣ್ಣಾಡಿಸುತ್ತಾನೆ. ಆಮೇಲೆ ಈ ಜಾಗವೇ ಸರಿಯಿಲ್ಲ, ಈ ಜನಕ್ಕೆ ಪ್ರೀತಿಯೇ ಇಲ್ಲ, ಬೇರೆ ಕಡೆ ಹೋದರೆ ಬದುಕು ಸುಲಭ ಎನಿಸತೊಡಗುತ್ತದೆ.

ಇವಾಗ್ರಿಯಸ್ ಇದನ್ನು ನಡುಹಗಲಿನ ದೆವ್ವದ ಕೆಲಸ ಎಂದೇ ಕರೆದ. ದೆವ್ವವನ್ನು ಅಷ್ಟು ಗಟ್ಟಿಯಾಗಿ ನಂಬಿದವನು ಹೊಣೆಯನ್ನು ಮಾತ್ರ ದೆವ್ವಕ್ಕೆ ಬಿಟ್ಟುಕೊಡಲಿಲ್ಲ. ಇಂಥ ಯೋಚನೆಗಳು ಬರುವುದು, ಬಾರದಿರುವುದು ನಮ್ಮ ಕೈಯಲ್ಲಿಲ್ಲ. ಅವು ತಂಗುವುದು, ತಂಗದಿರುವುದು ನಮ್ಮ ಕೈಯಲ್ಲಿದೆ ಎಂಬುದು ಅವನ ನಿಲುವು. ಬಾಗಿಲು ತಟ್ಟುವವನು ಯಾರೇ ಆಗಿರಲಿ, ಒಳಗೆ ಕರೆದು ಚಾಪೆ ಹಾಸಿದವನು ಮನೆಯವನೇ. ಕ್ರೈಸ್ತ ನೀತಿಯಲ್ಲಿ ನನಗೆ ಅತ್ಯಂತ ಮಾನವೀಯವಾಗಿ ಕಾಣುವುದು ಈ ಗೆರೆ. ಮನಸ್ಸಿಗೆ ಒಂದು ಹೊಲಸು ಯೋಚನೆ ಹಾದುಹೋಯಿತೆಂದು ನರಳುವ ಸಾಧು ಜನ ಎಲ್ಲ ಧರ್ಮಗಳಲ್ಲೂ ಇದ್ದಾರೆ. ಅವರ ಹೆಗಲ ಮೇಲಿನ ಅರ್ಧ ಭಾರವನ್ನು ಇದು ಇಳಿಸುತ್ತದೆ. ಯೇಸುವಿಗೂ ಅಡವಿಯಲ್ಲಿ ಶೋಧನೆ ಬಂತು, ಅವನಲ್ಲಿ ಪಾಪವಿರಲಿಲ್ಲ ಎನ್ನುವ ಧರ್ಮಕ್ಕೆ ಶೋಧನೆಯನ್ನೇ ಪಾಪ ಎಂದು ಹೇಳಲು ಬರುವುದಿಲ್ಲ. ಉಳಿದರ್ಧ ಭಾರ ಮಾತ್ರ ಪೂರ್ತಿ ನಮ್ಮದು. ಅದನ್ನು ಹೊರುವ ಉಪಾಯವನ್ನೂ ಇವಾಗ್ರಿಯಸ್ ತೋರಿಸಿಕೊಟ್ಟ: ಎದುರು ನಿಂತು ಗೆಲ್ಲುತ್ತೇನೆಂಬ ಜಂಭ ಬಿಟ್ಟು ಸಮಯಕ್ಕೆ ಸರಿಯಾಗಿ ಹಡಗು ಹತ್ತಿದ. ಕುಡಿತ ಬಿಡಬೇಕೆನ್ನುವವನು ದಿನಾ ಬಾರಿನ ಮುಂದಿನ ರಸ್ತೆಯಲ್ಲೇ ಮನೆಗೆ ಹೋದರೆ, ಒಳಗೆ ಹೋದ ದಿನದ ತಪ್ಪು ಆ ರಸ್ತೆ ಹಿಡಿದಾಗಲೇ ಶುರುವಾಗಿರುತ್ತದೆ. ಕೆಥೋಲಿಕರು ಪಾಪನಿವೇದನೆಯ ಕೊನೆಗೆ ಪಾಪದ ಸಂದರ್ಭಗಳಿಂದಲೂ ದೂರವಿರುತ್ತೇನೆಂದು ಮಾತು ಕೊಡುವುದು ಇದಕ್ಕೇ.

ಇಷ್ಟೆಲ್ಲ ಸ್ಪಷ್ಟವಾಗಿದ್ದರೂ ಹೊಣೆ ಜಾರಿಸುವ ಚಟ ಸಭೆಯನ್ನು ಬಿಡಲಿಲ್ಲ. ಸೈತಾನನಿಗಿಂತ ಸುಲಭವಾಗಿ ಕೈಗೆ ಸಿಕ್ಕವಳು ಹೆಣ್ಣು. ಸುಮಾರು 200ರ ಹೊತ್ತಿಗೆ ಕಾರ್ಥೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ ಹೆಂಗಸರ ಉಡುಗೆ ತೊಡುಗೆಯ ಬಗ್ಗೆ ಒಂದು ಪುಸ್ತಕ ಬರೆದು, ಸೈತಾನ ಲೋಕಕ್ಕೆ ಬಂದದ್ದೇ ನಿಮ್ಮ ಮೂಲಕ ಎಂದು ಅವರನ್ನು ದೂರಿದ. ಆದಾಮನ ನೆಪವನ್ನೇ ಅವನು ದೇವಶಾಸ್ತ್ರ ಮಾಡಿದ ಎನ್ನಬೇಕು. ದಾವೀದನ ಕಥೆಯನ್ನು ಇಂದಿಗೂ ಎಷ್ಟೋ ಪ್ರಸಂಗಗಳಲ್ಲಿ ಹೇಳುವ ಬಗೆ ನೋಡಿ. ಊರೀಯನ ಹೆಂಡತಿ ಬತ್ಷೆಬೆ ಮಾಳಿಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಸ್ನಾನ ಮಾಡುತ್ತಿದ್ದಳಂತೆ! ಮೂಲದಲ್ಲಿ ಮಾಳಿಗೆಯ ಮೇಲಿದ್ದವನು ದಾವೀದ. ಅರಸರು ಯುದ್ಧಕ್ಕೆ ಹೊರಡುವ ಕಾಲದಲ್ಲಿ ಅವನು ಅರಮನೆಯಲ್ಲೇ ಉಳಿದಿದ್ದ ಎಂದು ಕಥೆ ಮೊದಲೇ ಚುಚ್ಚಿ ಹೇಳುತ್ತದೆ. ಆಳುಗಳನ್ನು ಕಳಿಸಿ ಕರೆಸಿದವನೂ ಅವನೇ. ನಾತಾನ ಹೇಳಿದ ಉಪಮೆಯಲ್ಲಿ ಬತ್ಷೆಬೆಯ ಜಾಗದಲ್ಲಿರುವುದು ಬಡವನ ಮನೆಯ ಒಂದೇ ಒಂದು ಕುರಿಮರಿ. ಕದ್ದ ಶ್ರೀಮಂತನ ಮೇಲೆ ತೀರ್ಪು ಬೀಳುತ್ತದೆ. ಕುರಿಮರಿ ಯಾಕೆ ಅಷ್ಟು ಚೆಂದವಾಗಿತ್ತು ಎಂದು ಪ್ರವಾದಿ ಕೇಳಲಿಲ್ಲ.

ಯೇಸುವೂ ಕೇಳಲಿಲ್ಲ. ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ, ಮೋಹದಿಂದ ನೋಡುವವನು ಮನಸ್ಸಿನಲ್ಲಿ ಆಗಲೇ ವ್ಯಭಿಚಾರ ಮಾಡಿದ ಎಂಬ ಬೋಧನೆಯಿದೆ. ಕಣ್ಣಿಗೆ ಬಿದ್ದದ್ದಕ್ಕೂ ಮೋಹಿಸಬೇಕೆಂದೇ ನೋಡಿದ್ದಕ್ಕೂ ನಡುವಿನ ಗೆರೆ ಇಲ್ಲೂ ಇದೆ. ಮುಂದೆ ಕಿತ್ತುಹಾಕಲು ಹೇಳಿರುವುದು ನೋಡುವವನ ಕಣ್ಣನ್ನು. ಅವಳು ಏನು ಉಟ್ಟಿದ್ದಳು, ಎಲ್ಲಿಗೆ ಹೊರಟಿದ್ದಳು ಎಂಬ ವಿಚಾರಣೆ ಆ ಬೋಧನೆಯಲ್ಲಿ ಎಲ್ಲೂ ಇಲ್ಲ. ಎರಡು ಸಾವಿರ ವರ್ಷಗಳ ಮೇಲೂ ನಮ್ಮ ಪೊಲೀಸ್ ಠಾಣೆಗಳಲ್ಲಿ ಆ ಪ್ರಶ್ನೆ ಕೇಳಿಬರುತ್ತದೆ.

ಇನ್ನೊಂದು ಕಡೆಯಿಂದ ಬರುವ ಆಕ್ಷೇಪ ಗಟ್ಟಿಯಾದದ್ದು. ಮನುಷ್ಯ ನಿಜಕ್ಕೂ ಅಷ್ಟು ಸ್ವತಂತ್ರನೇ? ಹುಟ್ಟು, ಬಡತನ, ಚಟ, ಬೆಳೆದ ಕೇರಿ, ಇವೆಲ್ಲ ಅವನನ್ನು ಎಳೆಯುವುದಿಲ್ಲವೇ? ಅಪೊಸ್ತಲ ಪೌಲನೇ ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೇ ಅಧ್ಯಾಯದಲ್ಲಿ, ಕೆಟ್ಟದ್ದನ್ನು ಮಾಡುವವನು ತಾನಲ್ಲ, ತನ್ನೊಳಗೆ ನೆಲೆಸಿರುವ ಪಾಪ ಎಂದು ಹೇಳುವುದಿಲ್ಲವೇ? ಹೇಳುತ್ತಾನೆ. ಆದರೆ ಅದನ್ನು ಬಿಡುಗಡೆಯ ಪತ್ರವಾಗಿ ಹಿಡಿದು ತೋರಿಸುವುದಿಲ್ಲ. ಆ ಮಾತು ಮುಗಿಯುವುದು ತಾನೆಂಥ ದುರ್ಗತಿಯವನು ಎಂಬ ಗೋಳಿನಲ್ಲಿ.

ಪೌಲನ ಈ ಮಾತನ್ನು ನೆಪವಾಗಿ ಹಿಡಿದರೆ ಏನಾಗುತ್ತದೆಂದು ದೇವಶಾಸ್ತ್ರಜ್ಞ ಆಗಸ್ಟೀನನಿಗೆ ಸ್ವಂತ ಅನುಭವದಿಂದ ಗೊತ್ತಿತ್ತು. ಇಂದಿನ ಆಲ್ಜೀರಿಯಾದಲ್ಲಿರುವ ತಗಾಸ್ತೆಯಲ್ಲಿ 354ರಲ್ಲಿ ಹುಟ್ಟಿದ ಅವನು ಒಂಬತ್ತು ವರ್ಷ ಮಾನಿ ಪಂಥದಲ್ಲಿದ್ದ. ಒಳ್ಳೆಯದು, ಕೆಟ್ಟದ್ದು ಎಂಬ ಎರಡು ಶಕ್ತಿಗಳ ಕಾಳಗದಲ್ಲಿ ಮನುಷ್ಯನ ಮೈ ಬರೀ ರಣರಂಗ, ಪಾಪ ಮಾಡುವುದು ನಮ್ಮೊಳಗಿನ ಬೇರೊಂದು ಸ್ವಭಾವ ಎಂಬುದು ಆ ಪಂಥದ ಬೋಧನೆ. ‘ಕನ್ಫೆಷನ್ಸ್’ ಕೃತಿಯಲ್ಲಿ ಅವನು ಇದನ್ನು ನೆನೆದು, ಆ ಬೋಧನೆ ತನ್ನ ಅಹಂಕಾರಕ್ಕೆ ಹಿತವಾಗಿತ್ತು ಎಂದು ಬರೆಯುತ್ತಾನೆ. ತಪ್ಪು ತನ್ನದಲ್ಲ ಎಂದಮೇಲೆ ವಾಸಿಮಾಡು ಎಂದು ದೇವರನ್ನು ಕೇಳುವ ಪ್ರಮೇಯವೇ ಇರಲಿಲ್ಲ. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ. ಹೊಣೆ ಹೊರುವುದೆಂದರೆ ಶಿಕ್ಷೆಗೆ ತಲೆಯೊಡ್ಡುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಆದರೆ ಕ್ಷಮೆಗೆ ಹೋಗುವ ದಾರಿಯೂ ಅದೊಂದೇ. ನಾನು ಮಾಡದ ಪಾಪವನ್ನು ದೇವರು ಕ್ಷಮಿಸಿದರೂ ನನಗೆ ಬಂದದ್ದೇನು? ಸೈತಾನ ಮಾಡಿಸಿದ ಎನ್ನುವವನು ತನ್ನ ಪಾಲಿನ ಕ್ಷಮೆಯನ್ನೂ ಸೈತಾನನ ಖಾತೆಗೆ ಬರೆದುಕೊಟ್ಟಂತೆ.

ಅದೇ ಕೃತಿಯಲ್ಲಿ ಹದಿನಾರರ ಹರೆಯದ ಒಂದು ಕಳ್ಳತನವಿದೆ. ಗೆಳೆಯರೊಂದಿಗೆ ನೆರೆಯವರ ಮರದ ಪೇರ್ ಹಣ್ಣು ಕದ್ದು, ಬಹುಪಾಲನ್ನು ಹಂದಿಗಳಿಗೆ ಎಸೆದದ್ದು. ಹಸಿವಿರಲಿಲ್ಲ, ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣಿತ್ತು. ಒಬ್ಬನೇ ಆಗಿದ್ದರೆ ಮಾಡುತ್ತಿರಲಿಲ್ಲ ಎಂದೂ ಒಪ್ಪುತ್ತಾನೆ, ಹಾಗೆಂದು ಗೆಳೆಯರ ಮೇಲೆ ಹಾಕುವುದಿಲ್ಲ. ಯಾಕೆ ಕದ್ದೆ ಎಂದು ಪುಟಗಟ್ಟಲೆ ತನ್ನನ್ನೇ ಜಾಲಾಡುತ್ತಾನೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ರಂಪವೇ ಎಂದು ನಕ್ಕವರಿದ್ದಾರೆ. ಸಣ್ಣದಾದ್ದರಿಂದಲೇ ಅದು ಉಪಯುಕ್ತ: ನೆಪಕ್ಕೆ ಒಂದು ಕಾರಣವೂ ಸಿಗದ ಪಾಪ ಅದು.

ಇದೇ ಆಗಸ್ಟೀನ ಮುಂದೆ ಪೆಲಾಜಿಯಸ್ ಎಂಬ ಸನ್ಯಾಸಿಯ ಜೊತೆ ವಾದಕ್ಕಿಳಿದ. ದೇವರು ಆಜ್ಞೆ ಕೊಟ್ಟಿದ್ದಾನೆಂದರೆ ಅದನ್ನು ಪಾಲಿಸುವ ಶಕ್ತಿ ಮನುಷ್ಯನಿಗೆ ಇದ್ದೇ ಇದೆ ಎಂಬುದು ಪೆಲಾಜಿಯಸನ ಪಟ್ಟು. 418ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪರ ಸಭೆ ಅದನ್ನು ತಳ್ಳಿಹಾಕಿತು. ಮನುಷ್ಯನ ಇಚ್ಛೆಗೆ ಗಾಯವಾಗಿದೆ, ಕೃಪೆಯಿಲ್ಲದೆ ಅದು ಏಳಲಾರದು ಎಂಬ ಕಡೆ ನಿಂತಿತು. ಏಳಲು ಕೈಲಾಗದವನನ್ನು ಬಿದ್ದದ್ದಕ್ಕೆ ಹೊಣೆ ಮಾಡುವುದು ಹೇಗೆ ಎಂಬ ತಕರಾರು ಅಂದಿನಿಂದ ಇಂದಿನವರೆಗೆ ನಡೆದಿದೆ. ತರ್ಕದಲ್ಲಿ ಅದು ಬಗೆಹರಿದದ್ದನ್ನು ನಾನು ಕಂಡಿಲ್ಲ. ಬದುಕಿನಲ್ಲಿ ಬಗೆಹರಿದ ಒಂದು ಕಡೆ ಮಾತ್ರ ಗೊತ್ತು. 1935ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರುಪೇಟೆಯವನು, ಒಬ್ಬ ಶಸ್ತ್ರವೈದ್ಯ, ಸೇರಿ ಆಲ್ಕೋಹಾಲಿಕ್ಸ್ ಅನಾನಿಮಸ್ ಆರಂಭಿಸಿದರು. ಅದು ಮೊಳೆತದ್ದು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದೊಳಗೆ. ಇಂದು ಕರ್ನಾಟಕದಲ್ಲೂ ಅದರ ಕೂಟಗಳಿವೆ. ಅವರ ಹನ್ನೆರಡು ಹೆಜ್ಜೆಗಳಲ್ಲಿ ಮೊದಲನೆಯದು ಕುಡಿತದ ಮುಂದೆ ತಾನು ಅಶಕ್ತ ಎಂಬ ಒಪ್ಪಿಗೆ. ಅಲ್ಲಿಗೇ ನಿಂತರೆ ಅದು ಆರೋನನ ಕರು. ನಾಲ್ಕನೆಯದರಲ್ಲಿ ತನ್ನ ನಡತೆಯ ಲೆಕ್ಕ ತೆಗೆಯಬೇಕು, ಒಂಬತ್ತನೆಯದರಲ್ಲಿ ತನ್ನಿಂದ ನೊಂದವರ ಬಳಿಗೆ ಹೋಗಿ ಸಾಧ್ಯವಾದಷ್ಟನ್ನು ಸರಿಪಡಿಸಬೇಕು. ಹೆಂಡತಿಯ ಒಡವೆ ಅಡವಿಟ್ಟು ಕುಡಿದವನು ತನ್ನ ಅಶಕ್ತಿಯ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದರೂ ಒಡವೆ ಬಿಡಿಸಿಕೊಡುವ ಕೆಲಸ ಅವನದೇ.

ಕೆಥೋಲಿಕ್ ಧರ್ಮಸಭೆಯ ಬೋಧನೆಯೂ ಅಶಕ್ತಿ, ಹೊಣೆ ಎಂಬ ಈ ಎರಡನ್ನು ಜೊತೆಗೇ ಹಿಡಿದಿದೆ. 1992ರ ಧರ್ಮೋಪದೇಶ ಗ್ರಂಥದ ಪ್ರಕಾರ ಮಹಾಪಾಪ ಎನಿಸಿಕೊಳ್ಳಲು ವಿಷಯ ಗುರುತರವಾಗಿರಬೇಕು, ಅದು ಪೂರ್ತಿ ಗೊತ್ತಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ಅಜ್ಞಾನ, ಭಯ, ಬಲಾತ್ಕಾರ, ಬೇರೂರಿದ ಚಟ ಇವು ಹೊಣೆಯನ್ನು ತಗ್ಗಿಸಬಲ್ಲವು, ಕೆಲವೊಮ್ಮೆ ಇಲ್ಲವಾಗಿಸಲೂಬಲ್ಲವು. ಹಾಗೆಂದು ನೆಪ ಹೇಳಿದ ಮಾತ್ರಕ್ಕೆ ಹೊಣೆ ಅಳಿಯುವುದಿಲ್ಲ.

ತಪ್ಪನ್ನು ಸರಿಪಡಿಸಲು ಸುವಾರ್ತೆಯಲ್ಲೇ ಒಂದು ಅಳತೆಗೋಲಿದೆ. ಯೆರಿಕೋವಿನ ಸುಂಕದವನು ಜಕ್ಕಾಯ ಅನ್ಯಾಯವಾಗಿ ಕಿತ್ತುಕೊಂಡದ್ದರ ನಾಲ್ಕರಷ್ಟನ್ನು ಹಿಂದಕ್ಕೆ ಕೊಡುತ್ತೇನೆಂದ. ಆ ಅಳತೆಗೋಲನ್ನು ಸಭೆ ತನ್ನ ಮೇಲೇ ಇಟ್ಟು ನೋಡಿದರೆ ಏನು ಕಾಣುತ್ತದೆ? 2018ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯಾದ ಗ್ರ್ಯಾಂಡ್ ಜ್ಯೂರಿ, ಆರು ಕೆಥೋಲಿಕ್ ಧರ್ಮಪ್ರಾಂತಗಳ ಎಪ್ಪತ್ತು ವರ್ಷಗಳ ಕಡತ ತೆರೆದು, ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಬಗ್ಗೆ ವರದಿ ಕೊಟ್ಟಿತು. ಮುನ್ನೂರಕ್ಕೂ ಹೆಚ್ಚು ಪಾದ್ರಿಗಳು, ಗುರುತಿಸಬಹುದಾದ ಸಾವಿರಕ್ಕೂ ಹೆಚ್ಚು ಮಕ್ಕಳು. ಆ ವರದಿಯಲ್ಲಿ ಕ್ರೌರ್ಯದಷ್ಟೇ ಮೈ ನಡುಗಿಸುವುದು ಕಚೇರಿಯ ಭಾಷೆ. ಅತ್ಯಾಚಾರವನ್ನು ಕಾಗದದಲ್ಲಿ ಅನುಚಿತ ಸಂಪರ್ಕ ಎಂದು ಬರೆದರು. ಪಾದ್ರಿಯನ್ನು ಎತ್ತಂಗಡಿ ಮಾಡುವಾಗ ಊರಿನವರಿಗೆ ಅನಾರೋಗ್ಯದ ರಜೆ, ನರಗಳ ಬಳಲಿಕೆ ಎಂದು ಹೇಳಿದರು. ಕೆಲಸ ನಡೆದಿದೆ, ಮಾಡಿದವರು ಯಾರೂ ಇಲ್ಲ. 2019ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಬಿಷಪರನ್ನು ರೋಮಿಗೆ ಕರೆಸಿ ಇದೇ ವಿಷಯದ ಮೇಲೆ ಸಭೆ ನಡೆಸಿದರು. ಸಮಾರೋಪದಲ್ಲಿ ಅವರು ಇಂಥ ಪಾದ್ರಿ ಸೈತಾನನ ಕೈಯ ಉಪಕರಣವಾಗುತ್ತಾನೆ ಎಂದಾಗ, ನೊಂದವರಲ್ಲಿ ಅನೇಕರು ಸಿಟ್ಟಾದರು. ಪೋಪ್ ಅಪರಾಧವನ್ನು ಚಿಕ್ಕದು ಮಾಡಲು ಆ ಮಾತು ಹೇಳಿರಲಿಕ್ಕಿಲ್ಲ. ಸಿಟ್ಟು ಮಾತ್ರ ನ್ಯಾಯವಾದದ್ದು. ಕೇಳುವ ಕಿವಿಯಲ್ಲಿ ಐವತ್ತು ವರ್ಷಗಳ ನೆಪಗಳು ತುಂಬಿರುವಾಗ ಇನ್ನೊಂದು ಹೆಸರನ್ನು, ಅದೂ ವಿಚಾರಣೆಗೆ ಎಂದೂ ಸಿಗದವನ ಹೆಸರನ್ನು, ಆ ವೇದಿಕೆಯಿಂದ ಎತ್ತಬಾರದಿತ್ತು.

ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ವಾಸಿ ಎಂಬ ಅರ್ಥದ ಮತ್ತಾಯನ ಸುವಾರ್ತೆಯ ಮಾತು ಯೇಸುವಿನದು. ಅಷ್ಟು ಕಟುವಾಗಿ ಅವನು ಮಾತಾಡಿದ ಸಂದರ್ಭಗಳು ಕಡಿಮೆ. ಕಲ್ಲು ಕಟ್ಟುವುದು ಬೇಡ, ನಮ್ಮಲ್ಲಿ ಕಾನೂನಿದೆ. ಪಾಪನಿವೇದನೆಯ ಗುಟ್ಟಿನ ಪ್ರಶ್ನೆ ಬೇರೆ, ಅದನ್ನು ಇಲ್ಲಿ ಎತ್ತುತ್ತಿಲ್ಲ. ನಾನು ಹೇಳುತ್ತಿರುವುದು ಕಚೇರಿಯ ಬಾಗಿಲಿಗೆ ಬಂದ ದೂರಿನ ಬಗ್ಗೆ. 2012ರ ಪೊಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. 21ನೇ ಕಲಂ ಪ್ರಕಾರ, ತನ್ನ ಕೈಕೆಳಗಿನವನು ಮಾಡಿದ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು. ಚರ್ಚು, ಮಠ, ಮದರಸಾ, ಶಾಲೆ, ಹಾಸ್ಟೆಲು ಯಾವುದಕ್ಕೂ ಅದರಲ್ಲಿ ವಿನಾಯಿತಿ ಇಲ್ಲ.